ವಿಡಾಲ್ ಇನ್ನೂ ಪಾಸಿಟಿವ್ ಇದೆ, ಟೈಫಾಯಿಡ್ ಹೋಗಿಲ್ಲವೇ?

ಪ್ರಶ್ನೆ: ಮೇಡಂ, ನಮ್ಮದು ಸಿಂಧನೂರು ತಾಲೂಕಿನ ಒಂದು ಹಳ್ಳಿ. ಅಪ್ಪನಿಗೆ 58 ವರ್ಷ. ಭತ್ತ ಬೆಳೆಯುತ್ತಾರೆ. ಎಂಟು ವರ್ಷದಿಂದ ಶುಗರ್ ಇದೆ. ಎರಡು ತಿಂಗಳ ಹಿಂದೆ ಜ್ವರ ಬಂತು. ಮೂರನೇ ದಿನ ಊರಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ವಿಡಾಲ್ ಪಾಸಿಟಿವ್, ಓ 1:160, ಎಚ್ 1:160, ಇದು ಟೈಫಾಯಿಡ್ ಎಂದರು. ಐದು ದಿನ ಸಿಪ್ರೊಫ್ಲಾಕ್ಸಾಸಿನ್ ಗುಳಿಗೆ ಕೊಟ್ಟು ಸಲೈನ್ ಹಚ್ಚಿದರು. ಜ್ವರ ಬಿಡಲಿಲ್ಲ. ಒಂಬತ್ತನೇ ದಿನ ರಾಯಚೂರಿಗೆ ಕರೆದುಕೊಂಡು ಹೋದೆವು. ಅಲ್ಲಿ ಬ್ಲಡ್ ಕಲ್ಚರ್‌ಗೆ ರಕ್ತ ತೆಗೆದು ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಶುರು ಮಾಡಿದರು. ಐದನೇ ದಿನಕ್ಕೆ ಜ್ವರ ನಿಂತಿತು. ಒಟ್ಟು ಹತ್ತು ದಿನ ಇಂಜೆಕ್ಷನ್ ಆಯಿತು. ಕಲ್ಚರ್ ರಿಪೋರ್ಟ್ ಮಾತ್ರ ಐದು ದಿನ ಕಾದ ಮೇಲೆ ‘ಏನೂ ಬೆಳೆದಿಲ್ಲ’ ಎಂದು ಬಂತು. ಹೋದ ವಾರ ಮತ್ತೆ ವಿಡಾಲ್ ಮಾಡಿಸಿದೆವು. ಓ 1:160, ಎಚ್ 1:320. ‘ಟೈಫಾಯಿಡ್ ಒಳಗೇ ಉಳಿದಿದೆ, ಇನ್ನೊಂದು ಕೋರ್ಸ್ ಮಾಡಬೇಕು’ ಅನ್ನುತ್ತಿದ್ದಾರೆ. ಅಪ್ಪ ಆರಾಮಾಗೇ ಇದ್ದಾರೆ, ಸ್ವಲ್ಪ ಸುಸ್ತು ಅಷ್ಟೇ. ಅವ್ವ ಅವರ ತಟ್ಟೆ, ಲೋಟ ಬೇರೆ ಇಟ್ಟಿದ್ದಾಳೆ. ಬ್ರೆಡ್ಡು, ಹಾಲು ಬಿಟ್ಟು ಏನೂ ಕೊಡುತ್ತಿಲ್ಲ. ನಾವು ಯಾವ ರಿಪೋರ್ಟ್ ನಂಬಬೇಕು? ಅಷ್ಟು ದುಡ್ಡು ಕೊಟ್ಟು ಮಾಡಿಸಿದ ಕಲ್ಚರ್‌ನಲ್ಲಿ ಏನೂ ಬರದಿದ್ದರೆ ಅದರಿಂದ ಉಪಯೋಗವೇನು?

ಉತ್ತರ: ತಂಗಿ, ಮೊದಲು ಮುಖ್ಯವಾದ ಮಾತು ಹೇಳಿಬಿಡುತ್ತೇನೆ. ಅಪ್ಪನಿಗೆ ಜ್ವರ ನಿಂತು ಆರು ವಾರವಾಗಿದೆ. ಮತ್ತೆ ಬಂದಿಲ್ಲ. ಹೀಗಿರುವಾಗ ವಿಡಾಲ್ ಪಾಸಿಟಿವ್ ಎಂಬ ಒಂದೇ ಕಾರಣಕ್ಕೆ ಇನ್ನೊಂದು ಕೋರ್ಸ್ ಬೇಡ. ಖಂಡಿತ ಬೇಡ. ಟೈಫಾಯಿಡ್ ಹೋಗಿದೆಯೋ ಇಲ್ಲವೋ ಎಂದು ನೋಡಲು ವಿಡಾಲ್ ಮಾಡಿಸುವ ಪದ್ಧತಿಯೇ ತಪ್ಪು. ಆ ಪರೀಕ್ಷೆಗೆ ಅದನ್ನು ಹೇಳುವ ಶಕ್ತಿ ಇಲ್ಲ.

ಯಾಕೆ ಇಲ್ಲ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಬಳ್ಳಾರಿಯಲ್ಲಿ ಮೈಕ್ರೊಬಯಾಲಜಿ ಲ್ಯಾಬಿನಲ್ಲಿ ಕೆಲಸ ಮಾಡುವವಳು. ನಿಮ್ಮ ಕೈಯಲ್ಲಿರುವಂಥ ರಿಪೋರ್ಟ್ ಹಿಡಿದುಕೊಂಡು ಬರುವ ಜನರನ್ನು ನೋಡದ ವಾರವೇ ಇಲ್ಲ.

ವಿಡಾಲ್ ಮಾಡುವುದನ್ನು ನೀವು ನೋಡಿದ್ದರೆ ಆಶ್ಚರ್ಯಪಡುತ್ತಿದ್ದಿರಿ, ಅಷ್ಟು ಸುಲಭ ಅದು. ಬಿಳಿ ಕಾರ್ಡಿನ ಮೇಲೆ ಸಣ್ಣ ಸಣ್ಣ ವೃತ್ತಗಳಿರುತ್ತವೆ. ರೋಗಿಯ ರಕ್ತದಿಂದ ಬೇರ್ಪಡಿಸಿದ ತಿಳಿ, ಅಂದರೆ ಸೀರಮ್, ಒಂದು ಹನಿ. ಅದರ ಮೇಲೆ ಸತ್ತ ಟೈಫಾಯಿಡ್ ಬ್ಯಾಕ್ಟೀರಿಯಾ ಇರುವ ಬಣ್ಣದ ದ್ರಾವಣ ಒಂದು ಹನಿ. ಕಡ್ಡಿಯಿಂದ ಕಲಸಿ ಕಾರ್ಡನ್ನು ಒಂದು ನಿಮಿಷ ಮೆಲ್ಲಗೆ ತಿರುಗಿಸುತ್ತಾರೆ. ಸೀರಮ್‌ನಲ್ಲಿ ಆಂಟಿಬಾಡಿ, ಅಂದರೆ ಕ್ರಿಮಿಯನ್ನು ಎದುರಿಸಲು ಮೈ ತಯಾರಿಸುವ ಪದಾರ್ಥ, ಇದ್ದರೆ ಹನಿ ಒಡೆದ ಹಾಲಿನ ಹಾಗೆ ರವೆರವೆಯಾಗಿ ಕಾಳು ಕಟ್ಟುತ್ತದೆ. ಇಲ್ಲದಿದ್ದರೆ ಹಾಗೇ ನುಣ್ಣಗೆ ಉಳಿಯುತ್ತದೆ. ಇಷ್ಟೇ. ಓ ಅಂದರೆ ಬ್ಯಾಕ್ಟೀರಿಯಾದ ಮೈಗೆ ಅಂಟುವ ಆಂಟಿಬಾಡಿ. ಎಚ್ ಅಂದರೆ ಅದು ಈಜಲು ಬಳಸುವ ಬಾಲದಂಥ ಎಳೆಗೆ ಅಂಟುವ ಆಂಟಿಬಾಡಿ.

ಇನ್ನು 1:160 ಅನ್ನುವ ಲೆಕ್ಕ. ಮಜ್ಜಿಗೆಗೆ ಅಷ್ಟಷ್ಟೇ ನೀರು ಬೆರೆಸುತ್ತಾ ಹೋದರೆ ಎಲ್ಲಿಯವರೆಗೆ ಹುಳಿ ನಾಲಿಗೆಗೆ ಸಿಗುತ್ತದೆ ಎಂದು ನೋಡಿದ ಹಾಗೆ. ಸೀರಮ್ಮನ್ನು 20 ಪಟ್ಟು, 40, 80, 160, 320 ಎಂದು ಪ್ರತಿ ಸಲ ಎರಡರಷ್ಟು ತೆಳು ಮಾಡುತ್ತಾ ಹೋಗುತ್ತೇವೆ. ಕೊನೆಯದಾಗಿ ಯಾವುದರಲ್ಲಿ ಕಾಳು ಕಂಡಿತೋ ಆ ಸಂಖ್ಯೆ ಬರೆಯುತ್ತೇವೆ. ಇವತ್ತು ಒಬ್ಬರ ಕಣ್ಣಿಗೆ 160ರಲ್ಲಿ ಕಂಡ ಕಾಳು ನಾಳೆ ಇನ್ನೊಬ್ಬರ ಕಣ್ಣಿಗೆ 320ರಲ್ಲೂ ಕಾಣಬಹುದು. ಒಂದು ಮೆಟ್ಟಿಲು ಆಚೆ ಈಚೆ ಆಗುವುದು ಈ ಪರೀಕ್ಷೆಯ ಸ್ವಭಾವ. ಅಪ್ಪನ ಎಚ್ 160ರಿಂದ 320ಕ್ಕೆ ‘ಏರಿದೆ’ ಎಂದು ನಿಮ್ಮನ್ನು ಹೆದರಿಸಿದ್ದಾರಲ್ಲ, ಆ ಏರಿಕೆಗೆ ಅರ್ಥವೇ ಇಲ್ಲ. ಎರಡು ಮೆಟ್ಟಿಲು, ಅಂದರೆ ನಾಲ್ಕು ಪಟ್ಟು ಏರಿದ್ದರೆ ಮಾತ್ರ ನಾವು ಲೆಕ್ಕಕ್ಕೆ ಹಿಡಿಯುತ್ತೇವೆ. ಅದೂ ಜ್ವರದ ಮೊದಲ ವಾರ ಒಂದು ರಕ್ತ, ಹತ್ತು ಹದಿನಾಲ್ಕು ದಿನ ಬಿಟ್ಟು ಇನ್ನೊಂದು ರಕ್ತ, ಎರಡನ್ನೂ ಒಟ್ಟಿಗೆ ಕೊಳವೆಯಲ್ಲಿ ಪರೀಕ್ಷೆ ಮಾಡಿದಾಗ.

ಆಂಟಿಬಾಡಿ ಅನ್ನುವುದು ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಇದ್ದ ಹಾಗೆ. ಯಾರು ಬಂದು ಹೋಗಿದ್ದರು ಎಂದು ಅದರಲ್ಲಿ ಬರೆದಿರುತ್ತದೆ. ಈಗ ಅಂಗಡಿಯಲ್ಲಿ ಯಾರು ನಿಂತಿದ್ದಾರೆ ಎಂದು ಅದು ಹೇಳುವುದಿಲ್ಲ. ಟೈಫಾಯಿಡ್ ವಾಸಿಯಾದ ಮೇಲೂ ಈ ಬರಹ ತಿಂಗಳುಗಟ್ಟಲೆ ಇರುತ್ತದೆ. ಎಚ್ ಅಂತೂ ವರ್ಷಗಟ್ಟಲೆ ಉಳಿಯಬಹುದು. ನಮ್ಮ ಕಡೆ ಕಾಲುವೆ ನೀರು, ಕೆರೆ ನೀರು ಕುಡಿದು ಬೆಳೆದವರು ಜಾಸ್ತಿ. ಚಿಕ್ಕಂದಿನಿಂದ ಟೈಫಾಯಿಡ್ ಕ್ರಿಮಿಯೋ ಅದರ ದಾಯಾದಿಗಳೋ ಎಷ್ಟು ಸಲ ಹೊಟ್ಟೆಗೆ ಹೋಗಿವೆಯೋ. ಏನೂ ಜ್ವರ ಇಲ್ಲದ, ಗಟ್ಟಿಮುಟ್ಟಾದವರ ರಕ್ತ ತೆಗೆದು ನೋಡಿದರೂ ಕೆಲವರಲ್ಲಿ 1:80, 1:160 ಕಾಣುತ್ತದೆ. ಮಲೇರಿಯಾದಲ್ಲೋ ಬೇರೆ ಯಾವುದೋ ಜ್ವರದಲ್ಲೋ ಹಳೆಯ ಬರಹವೇ ಮತ್ತೆ ಸ್ವಲ್ಪ ಗಾಢವಾಗುವುದೂ ಉಂಟು.

ಈಗ ಅಪ್ಪನ ಮೊದಲ ರಿಪೋರ್ಟ್ ಇನ್ನೊಮ್ಮೆ ನೋಡಿ. ಜ್ವರದ ಮೂರನೇ ದಿನ ಓ 1:160. ಟೈಫಾಯಿಡ್ ಹೊಸದಾಗಿ ಬಂದಾಗ ಆಂಟಿಬಾಡಿ ಗೊತ್ತಾಗುವಷ್ಟು ತಯಾರಾಗಲು ಏಳರಿಂದ ಹತ್ತು ದಿನ ಬೇಕು. ಮೂರೇ ದಿನಕ್ಕೆ ಅಷ್ಟು ಬಂದಿದೆ ಎಂದರೆ ಅದು ಹೆಚ್ಚಾಗಿ ಹಳೆಯ ಬಾಕಿ. ಏಳು ವಾರ ಆದ ಮೇಲೂ ಅದು 1:160ರಲ್ಲೇ ನಿಂತಿದೆ. ಏರಿಲ್ಲ, ಇಳಿದಿಲ್ಲ. ಅಪ್ಪನಿಗೆ ಜ್ವರ ಬರುವ ಮೊದಲು, ಅವರು ನಾಟಿ ಮಾಡಿಸುತ್ತಾ ಓಡಾಡಿಕೊಂಡಿದ್ದ ದಿನ ಈ ಪರೀಕ್ಷೆ ಮಾಡಿದ್ದರೂ ಇದೇ ಸಂಖ್ಯೆ ಬರುತ್ತಿತ್ತೇನೋ ಅನ್ನುವುದು ನನ್ನ ಅನುಮಾನ.

ವಿಡಾಲ್ ಅವರ ಬಗ್ಗೆ ನನಗೆ ತುಂಬ ಗೌರವ ಇದೆ. ಫರ್ನಾಂಡ್ ವಿಡಾಲ್ ಪ್ಯಾರಿಸ್ಸಿನ ವೈದ್ಯರು, ಈ ಪರೀಕ್ಷೆ ಕೊಟ್ಟಿದ್ದು 1896ರಲ್ಲಿ. ಅದಕ್ಕೆ ಹದಿನಾರು ವರ್ಷ ಮೊದಲು, 1880ರಲ್ಲಿ, ಕಾರ್ಲ್ ಎಬರ್ಟ್ ಈ ಕ್ರಿಮಿಯನ್ನು ಗುರುತಿಸಿದ್ದರು. 1884ರಲ್ಲಿ ಗಾಫ್ಕಿ ಅದನ್ನು ಲ್ಯಾಬಿನಲ್ಲಿ ಬೆಳೆಸಿ ತೋರಿಸಿದ್ದರು. ಆದರೆ ಹಾಸಿಗೆ ಹಿಡಿದ ಪ್ರತಿಯೊಬ್ಬ ರೋಗಿಯ ರಕ್ತದಿಂದ ಕ್ರಿಮಿ ಬೆಳೆಸುವುದು ಆ ಕಾಲದಲ್ಲಿ ಆಗುವ ಮಾತಲ್ಲ. ಒಂದು ಹನಿ ರಕ್ತದಿಂದ ಸುಳಿವು ಸಿಕ್ಕಿದ್ದು ದೊಡ್ಡ ವಿಷಯವೇ. ಆದರೆ ಟೈಫಾಯಿಡ್ ಮನೆಮನೆಯಲ್ಲಿ ಇರುವ ನಮ್ಮಂಥ ಜಾಗದಲ್ಲಿ, ಜ್ವರದ ಮೂರನೇ ದಿನ, ಒಂದೇ ಸಲ ಮಾಡಿದ ವಿಡಾಲ್ ನೋಡಿ ಔಷಧ ಬರೆಯುವುದನ್ನು ನಾನು ಒಪ್ಪುವುದಿಲ್ಲ.

ಇನ್ನು ಕಲ್ಚರ್. ಇದು ಕ್ರಿಮಿಯನ್ನೇ ಹಿಡಿಯುವ ಪರೀಕ್ಷೆ. ನೀವು ಭತ್ತದ ಮನೆಯವರು, ಸಸಿ ಮಡಿ ಗೊತ್ತಿರುತ್ತದೆ. ಬೀಜ ಜೀವಂತ ಇದೆಯೋ ಇಲ್ಲವೋ, ಯಾವ ತಳಿ ಎಂಬುದು ಮೊಳಕೆ ಬರುವವರೆಗೆ ಗೊತ್ತಾಗುವುದಿಲ್ಲ ಅಲ್ವಾ? ಇಲ್ಲೂ ಹಾಗೆಯೇ. ರಕ್ತವನ್ನು ಪೋಷಕಾಂಶದ ಸಾರು ಇರುವ ಬಾಟಲಿಗೆ ಹಾಕಿ ಮೈ ಬಿಸಿಯಷ್ಟೇ ಬಿಸಿಯಲ್ಲಿ ಇಡುತ್ತೇವೆ. ಒಂದು ಕ್ರಿಮಿ ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತಾ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಕೆಲವು ಮಷೀನಿನ ಬಾಟಲಿಗಳ ತಳದಲ್ಲಿ ಹಸಿರು ಬಣ್ಣದ ಒಂದು ಪದರ ಇರುತ್ತದೆ. ಗ್ಯಾಸ್ ತಾಗಿದರೆ ಅದು ಹಳದಿಗೆ ತಿರುಗುತ್ತದೆ. ಮಷೀನು ಕೂಗುತ್ತದೆ. ಟೈಫಾಯಿಡ್ ಆದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲೇ ಕೂಗುತ್ತದೆ. ಏನೂ ಆಗದಿದ್ದರೆ ಐದು ದಿನ ಕಾದು, ಬೆಳೆದಿಲ್ಲ ಎಂದು ಬರೆಯುತ್ತೇವೆ. ಹಾಗಾಗಿ ಐದು ದಿನ ತಡ ಮಾಡಿದರು ಎಂದು ಲ್ಯಾಬಿನವರ ಮೇಲೆ ಬೇಸರ ಬೇಡ.

ಬಾಟಲಿ ಕೂಗಿದ ಮೇಲೆ ಏನಾಗುತ್ತದೆ ಎಂದೂ ಹೇಳುತ್ತೇನೆ. ನನಗೆ ಈ ಕೆಲಸದಲ್ಲಿ ಬಹಳ ಪ್ರೀತಿಯ ಗಳಿಗೆ ಅದು. ಒಂದು ಹನಿ ತೆಗೆದು ಗಾಜಿನ ಸ್ಲೈಡಿನ ಮೇಲೆ ಸವರಿ ಗ್ರಾಮ್ ಬಣ್ಣ ಹಾಕುತ್ತೇವೆ. 1884ರಲ್ಲಿ ಡೆನ್ಮಾರ್ಕಿನ ಹನ್ಸ್ ಕ್ರಿಶ್ಚಿಯನ್ ಗ್ರಾಮ್ ಕಂಡುಹಿಡಿದ ವಿಧಾನ, ಇವತ್ತಿಗೂ ನಮ್ಮ ದಿನ ಶುರುವಾಗುವುದು ಅದರಿಂದಲೇ. ಮೊದಲು ನೇರಳೆ ಬಣ್ಣ, ಆಮೇಲೆ ಅಯೋಡಿನ್, ಆಮೇಲೆ ಸ್ಪಿರಿಟ್‌ನಿಂದ ತೊಳೆತ, ಕೊನೆಗೆ ಕೆಂಪು ಬಣ್ಣ. ದಪ್ಪ ಗೋಡೆಯ ಬ್ಯಾಕ್ಟೀರಿಯಾ ನೇರಳೆಯನ್ನು ಬಿಡುವುದಿಲ್ಲ. ತೆಳು ಗೋಡೆಯವು ಬಿಟ್ಟುಬಿಟ್ಟು ಗುಲಾಬಿಯಾಗುತ್ತವೆ. ಟೈಫಾಯಿಡ್ ಕ್ರಿಮಿ ಗುಲಾಬಿ ಬಣ್ಣದ ಗಿಡ್ಡ ಕಡ್ಡಿಯ ಹಾಗೆ ಕಾಣುತ್ತದೆ. ಇಷ್ಟು ಗೊತ್ತಾಗಲು ಅರ್ಧ ಗಂಟೆ ಸಾಕು. ಆಗಲೇ ವಾರ್ಡಿಗೆ ಫೋನ್ ಮಾಡುತ್ತೇವೆ. ಬಾಟಲಿಯಿಂದ ತಟ್ಟೆಗೂ ಹಚ್ಚಿ ಇಡುತ್ತೇವೆ. ಮ್ಯಾಕ್‌ಕಾಂಕಿ ಎಂಬ ತಟ್ಟೆಯ ಮೇಲೆ, ಹಾಲಿನ ಸಕ್ಕರೆಯನ್ನು ಹುಳಿ ಮಾಡುವ ಇ. ಕೋಲಿಯಂಥ ಬೇರೆ ಬ್ಯಾಕ್ಟೀರಿಯಾಗಳು ಮರುದಿನ ಗುಲಾಬಿ ಚುಕ್ಕೆಗಳಾಗಿ ಬೆಳೆದಿರುತ್ತವೆ. ಟೈಫಾಯಿಡ್ ಬಣ್ಣವಿಲ್ಲದ ಚುಕ್ಕೆಯಾಗಿ, ನೀರ ಹನಿ ಬಿದ್ದ ಹಾಗೆ ಕೂತಿರುತ್ತದೆ. ತಟ್ಟೆಯನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದರೆ ಚೆನ್ನಾಗಿ ಕಾಣುತ್ತದೆ. ಆ ಚುಕ್ಕೆಯನ್ನು ತೆಗೆದು, ಟೈಫಾಯಿಡ್‌ಗೇ ಅಂಟುವ ಸೀರಮ್ ಜೊತೆ ಕಲಸುತ್ತೇವೆ. ಕಾಳು ಕಟ್ಟಿದರೆ ಹೆಸರು ಗಟ್ಟಿಯಾದಂತೆ. ವಿಡಾಲ್‌ನದೇ ತತ್ವ, ತಿರುವುಮುರುವು ಮಾಡಿದ್ದು. ಅಲ್ಲಿ ಗೊತ್ತಿರುವ ಕ್ರಿಮಿಯಿಂದ ರೋಗಿಯ ರಕ್ತವನ್ನು ಪರೀಕ್ಷಿಸುತ್ತೇವೆ, ಇಲ್ಲಿ ಗೊತ್ತಿರುವ ಸೀರಮ್‌ನಿಂದ ರೋಗಿಯ ಕ್ರಿಮಿಯನ್ನು ಪರೀಕ್ಷಿಸುತ್ತೇವೆ. ಇನ್ನೊಂದು ರಾತ್ರಿ ಕಳೆದರೆ ಯಾವ ಔಷಧಕ್ಕೆ ಅದು ಸಾಯುತ್ತದೆ ಎಂಬ ಪಟ್ಟಿಯೂ ಸಿಗುತ್ತದೆ.

ಈ ಕೊನೆಯ ಪಟ್ಟಿಗಾಗಿಯೇ ನಾವು ಕಲ್ಚರ್ ಬೇಕು ಎಂದು ಹಟ ಹಿಡಿಯುವುದು. ಅಪ್ಪನಿಗೆ ಮೊದಲು ಕೊಟ್ಟ ಸಿಪ್ರೊಫ್ಲಾಕ್ಸಾಸಿನ್ ಒಂದು ಕಾಲಕ್ಕೆ ಟೈಫಾಯಿಡ್‌ಗೆ ರಾಮಬಾಣ. ಈಗ ನಮ್ಮ ದೇಶದ ಟೈಫಾಯಿಡ್ ಕ್ರಿಮಿಗಳಲ್ಲಿ ಹೆಚ್ಚಿನವು ಅದಕ್ಕೆ ಸರಿಯಾಗಿ ಬಗ್ಗುವುದಿಲ್ಲ. ಹಳೆಯ ಔಷಧಗಳಾದ ಕ್ಲೋರಾಂಫೆನಿಕಾಲ್, ಕೋಟ್ರೈಮಾಕ್ಸಜೋಲ್‌ಗಳನ್ನು ಬಳಸುವುದು ಕಡಿಮೆಯಾದ ಮೇಲೆ ಅವಕ್ಕೆ ಅನೇಕ ಕಡೆ ಮತ್ತೆ ಬಗ್ಗುತ್ತಿವೆ. ಪಾಕಿಸ್ತಾನದ ಸಿಂಧ್‌ನಲ್ಲಿ 2016ರಿಂದ ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗದ ಟೈಫಾಯಿಡ್ ಹರಡಿತು. ಯಾವ ಊರಲ್ಲಿ ಯಾವ ಔಷಧ ನಡೆಯುತ್ತದೆ ಎಂಬುದು ಕಲ್ಚರ್ ಮಾಡಿದರೆ ಮಾತ್ರ ಗೊತ್ತಾಗುತ್ತದೆ. ಒಂದು ಸಾವಿರ ವಿಡಾಲ್ ಮಾಡಿದರೂ ಇದು ಗೊತ್ತಾಗುವುದಿಲ್ಲ.

ಹಾಗಾದರೆ ಅಪ್ಪನ ಕಲ್ಚರ್‌ನಲ್ಲಿ ಯಾಕೆ ಏನೂ ಬೆಳೆಯಲಿಲ್ಲ? ನನಗೆ ಕಾಣುವ ಮೊದಲ ಕಾರಣ, ಅದಕ್ಕೂ ಮೊದಲು ಐದು ದಿನ ನುಂಗಿದ ಗುಳಿಗೆ. ಆ ಗುಳಿಗೆ ರೋಗ ವಾಸಿ ಮಾಡುವಷ್ಟು ಗಟ್ಟಿ ಇರಲಿಲ್ಲ, ಆದರೆ ರಕ್ತದಲ್ಲಿರುವ ಕ್ರಿಮಿಗಳನ್ನು ಬಾಟಲಿಯಲ್ಲಿ ಚಿಗುರದಂತೆ ಮಾಡುವಷ್ಟು ಗಟ್ಟಿ ಇದ್ದಿರಬಹುದು. ಔಷಧ ಹೊಡೆದ ಬೀಜವನ್ನು ಮಡಿಗೆ ಹಾಕಿದ ಹಾಗೆ. ಬಾಟಲಿಯಲ್ಲಿ ಔಷಧವನ್ನು ಹೀರಿಕೊಳ್ಳುವ ಪದಾರ್ಥ ಹಾಕಿರುತ್ತಾರೆ ನಿಜ, ಅದರಿಂದ ಸ್ವಲ್ಪ ಸಹಾಯ ಆಗುತ್ತದೆ, ಪೂರ್ತಿ ಅಲ್ಲ.

ಎರಡನೆಯದು ರಕ್ತದ ಅಳತೆ. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಆದರೆ ನನಗೆ ಇದು ದಿನನಿತ್ಯದ ಸಂಕಟ. ಟೈಫಾಯಿಡ್ ರೋಗಿಯ ಒಂದು ಮಿಲಿಲೀಟರ್ ರಕ್ತದಲ್ಲಿ ಎಷ್ಟೋ ಸಲ ಒಂದೇ ಒಂದು ಜೀವಂತ ಕ್ರಿಮಿ ಇರುತ್ತದೆ, ಅದಕ್ಕಿಂತ ಕಡಿಮೆಯೂ ಇರಬಹುದು. ದೊಡ್ಡವರಾದರೆ ಒಂದು ಬಾಟಲಿಗೆ 8ರಿಂದ 10 ಮಿಲಿಲೀಟರ್ ರಕ್ತ ಬೇಕು. ಎರಡು ಕೈಯಿಂದ ಬೇರೆ ಬೇರೆಯಾಗಿ ತೆಗೆದರೆ ಇನ್ನೂ ಒಳ್ಳೆಯದು. ನಮಗೆ ಬರುವ ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಸಾರು ಬರೀ ತಿಳಿಗೆಂಪಾಗಿದ್ದರೆ ಎರಡೇ ಮಿಲಿಲೀಟರ್ ಹಾಕಿದ್ದಾರೆ ಎಂದು ಗೊತ್ತಾಗುತ್ತದೆ. ‘ಮೈಯಲ್ಲಿ ರಕ್ತವೇ ಇಲ್ಲ, ಇಷ್ಟೊಂದು ಯಾಕೆ ತೆಗೀತೀರಿ’ ಎಂದು ಮನೆಯವರು ಸಿಸ್ಟರ್ ಜೊತೆ ಜಗಳ ಮಾಡಿರುತ್ತಾರೆ. ಪಾಪ, ಅವರು ಅರ್ಧಕ್ಕೇ ನಿಲ್ಲಿಸಿರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. 10 ಮಿಲಿಲೀಟರ್ ಅಂದರೆ ಎರಡು ಚಹಾ ಚಮಚ. ಅದರಿಂದ ಯಾರೂ ಸೊರಗುವುದಿಲ್ಲ.

ಎಲ್ಲ ಸರಿಯಾಗಿ ಮಾಡಿದರೂ ಟೈಫಾಯಿಡ್ ಇರುವ ನೂರು ಜನರಲ್ಲಿ ಬ್ಲಡ್ ಕಲ್ಚರ್ ಹಿಡಿಯುವುದು ನಲವತ್ತರಿಂದ ಅರವತ್ತು ಜನರನ್ನು. ಮೂಳೆಯ ಮಜ್ಜೆ ತೆಗೆದು ಬೆಳೆಸಿದರೆ ಎಂಬತ್ತಕ್ಕೂ ಹೆಚ್ಚು ಜನರಲ್ಲಿ ಸಿಗುತ್ತದೆ, ಗುಳಿಗೆ ನುಂಗಿದ್ದರೂ ಸಿಗುತ್ತದೆ. ಆದರೆ ಅದು ನೋವಿನ ಪರೀಕ್ಷೆ, ಎಲ್ಲರಿಗೂ ಮಾಡುವುದಿಲ್ಲ. ಆದ್ದರಿಂದ ‘ಬೆಳೆದಿಲ್ಲ’ ಎಂದರೆ ‘ಇರಲಿಲ್ಲ’ ಎಂದಲ್ಲ. ಬೆಳೆದರೆ ಮಾತ್ರ ಆ ಮಾತು ಗಟ್ಟಿ.

ನನ್ನ ಅಂದಾಜು ಕೇಳಿದರೆ, ಅಪ್ಪನಿಗೆ ಬಂದಿದ್ದು ಟೈಫಾಯಿಡ್ ಇರುವ ಸಾಧ್ಯತೆ ಜಾಸ್ತಿಯೇ. ಆದರೆ ನಾನು ಹಾಗೆ ಅಂದುಕೊಳ್ಳುವುದು ವಿಡಾಲ್ ನೋಡಿ ಅಲ್ಲ. ಒಂಬತ್ತು ದಿನ ಬಿಡದ ಜ್ವರ, ಸಿಪ್ರೊಫ್ಲಾಕ್ಸಾಸಿನ್‌ಗೆ ಬಗ್ಗಲಿಲ್ಲ, ಸೆಫ್ಟ್ರಿಯಾಕ್ಸೋನ್ ಶುರುವಾದ ಐದನೇ ದಿನಕ್ಕೆ ಇಳಿಯಿತು. ಟೈಫಾಯಿಡ್ ಹಾಗೆಯೇ ಇಳಿಯುವುದು. ಸರಿಯಾದ ಔಷಧ ಬಿದ್ದ ಮೇಲೂ ನಾಲ್ಕೈದು ದಿನ, ಒಮ್ಮೊಮ್ಮೆ ವಾರದವರೆಗೂ ಜ್ವರ ಇರುತ್ತದೆ. ಇದು ಗೊತ್ತಿಲ್ಲದೆ ಎರಡನೇ ದಿನಕ್ಕೇ ಆಸ್ಪತ್ರೆ ಬದಲಿಸುವವರು, ಔಷಧ ಬದಲಿಸಲು ಒತ್ತಾಯ ಮಾಡುವವರು ತುಂಬ ಜನ. ನೀವು ಕಾದಿರಿ, ಒಳ್ಳೆಯದು ಮಾಡಿದಿರಿ. ರಾಯಚೂರಿನ ಡಾಕ್ಟರು ಮೊದಲು ರಕ್ತ ತೆಗೆದು ಆಮೇಲೆ ಇಂಜೆಕ್ಷನ್ ಶುರು ಮಾಡಿದ್ದೂ ಸರಿಯಾದ ಕ್ರಮವೇ. ಆ ಕೆಲಸ ಮೂರನೇ ದಿನ, ಮೊದಲ ಗುಳಿಗೆಗಿಂತ ಮುಂಚೆ ಆಗಿದ್ದರೆ ಇವತ್ತು ನಾವು ಅಂದಾಜು ಮಾಡುತ್ತಾ ಕೂರಬೇಕಾಗಿರಲಿಲ್ಲ.

ವಿಡಾಲ್ ಬಗ್ಗೆ ನಾನು ಇಷ್ಟು ಬಿಸಿಯಾಗಿ ಮಾತಾಡುವುದಕ್ಕೆ ಒಂದು ಕಾರಣ ಇದೆ. ಹಲವು ವರ್ಷದ ಹಿಂದೆ ಕುಷ್ಟಗಿ ಕಡೆಯ ಒಬ್ಬ ಕುರಿಗಾಹಿ ನಮ್ಮಲ್ಲಿಗೆ ಬಂದರು. ಎರಡು ತಿಂಗಳಿಂದ ಜ್ವರ. ಸಂಜೆಯಾದರೆ ಏರುತ್ತದೆ, ರಾತ್ರಿ ಬೆವರಿ ಕಂಬಳಿ ತೊಯ್ಯುತ್ತದೆ, ಸೊಂಟ ಎತ್ತಲು ಆಗುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಐದು ವಿಡಾಲ್ ರಿಪೋರ್ಟ್ ಇದ್ದವು. ಐದೂ ಪಾಸಿಟಿವ್. ನಾಲ್ಕು ಸಲ ಟೈಫಾಯಿಡ್ ಕೋರ್ಸ್ ಆಗಿತ್ತು. ಎರಡು ಮರಿ ಮಾರಿ ಔಷಧ ತಂದಿದ್ದರು. ಕಲ್ಚರ್ ಬಾಟಲಿ ನಾಲ್ಕನೇ ದಿನ ಕೂಗಿತು. ಬಣ್ಣ ಹಾಕಿ ನೋಡಿದರೆ ಕಡ್ಡಿಗಳಲ್ಲ, ನುಣ್ಣನೆಯ ಮರಳು ಚೆಲ್ಲಿದ ಹಾಗೆ ಗುಲಾಬಿ ಕಣಗಳು. ನನಗೆ ಕೂಡಲೇ ಸಂಶಯ ಬಂತು. ಹೋಗಿ ಕೇಳಿದೆ, ‘ಕುರಿ ಕಂದು ಹಾಕಿದಾಗ, ಮರಿ ಈಯುವಾಗ ಬರಿಗೈಯಲ್ಲಿ ಹಿಡೀತೀರಾ?’ ಅವರು ‘ಮತ್ತ ಹೆಂಗ ಹಿಡೀಬೇಕ್ರೀ ಮೇಡಮ್ಮರ?’ ಎಂದರು.

ಅದು ಬ್ರುಸೆಲ್ಲಾ. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಕಂಡುಹಿಡಿದ ಕ್ರಿಮಿ. ಆಡು, ಕುರಿ, ದನಗಳಿಂದ ಬರುತ್ತದೆ. ಹಸಿ ಹಾಲು ಕುಡಿದರೂ ಬರುತ್ತದೆ. ಎರಡು ಔಷಧ ಸೇರಿಸಿ ಆರು ವಾರ ಕೊಡಬೇಕು, ಟೈಫಾಯಿಡ್ ಕೋರ್ಸ್‌ಗೆ ಅದು ಹೋಗುವುದಿಲ್ಲ. ಆ ಮನುಷ್ಯ ವಾಸಿಯಾಗಿ ಮತ್ತೆ ಕುರಿ ಹಿಂಡಿನ ಜೊತೆ ಹೋದರು. ಆದರೆ ಆ ಎರಡು ತಿಂಗಳು ಅವರಿಗೆ ವಾಪಸ್ ಸಿಗಲಿಲ್ಲ. ಅವರನ್ನು ನೋಡಿದ ಡಾಕ್ಟರುಗಳು ದಡ್ಡರೇನಲ್ಲ. ಪಾಸಿಟಿವ್ ಎಂಬ ಒಂದು ಪದ ಕಾಗದದ ಮೇಲೆ ಬಂದ ಕೂಡಲೇ ಎಲ್ಲರೂ ಹುಡುಕುವುದನ್ನು ನಿಲ್ಲಿಸಿಬಿಟ್ಟರು. ಏನು ಕೆಲಸ ಮಾಡುತ್ತೀರಿ ಎಂದು ಕೇಳುವ ಅಗತ್ಯವೇ ಯಾರಿಗೂ ಕಾಣಲಿಲ್ಲ. ವಿಡಾಲ್ ಏನೂ ಹೇಳದೆ ಸುಮ್ಮನಿದ್ದಿದ್ದರೆ ಅವರಿಗೆ ಒಂದು ತಿಂಗಳು ಮೊದಲೇ ಕಲ್ಚರ್ ಆಗುತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಇದನ್ನು ಹೇಳಿದ್ದು ನಿಮ್ಮ ಅಪ್ಪನ ಸಲುವಾಗಿಯೂ ಹೌದು. ಅವರಿಗೆ ಶುಗರ್ ಇದೆ, ಕೆಸರಲ್ಲಿ ಬರಿಗಾಲಲ್ಲಿ ನಿಂತು ಕೆಲಸ ಮಾಡುತ್ತಾರೆ. ಈ ಎರಡು ಸಂಗತಿ ಕೂಡಿದವರಲ್ಲಿ ನಾವು ಮೆಲಿಯಾಯ್ಡೋಸಿಸ್ ಎಂಬ ಇನ್ನೊಂದು ಕಾಯಿಲೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇವೆ. ಒದ್ದೆ ಮಣ್ಣಿನಲ್ಲಿ ಇರುವ ಬ್ಯಾಕ್ಟೀರಿಯಾ ಅದು. ಗಾಯದಿಂದಲೋ ಉಸಿರಿನಿಂದಲೋ ಒಳಗೆ ಹೋಗುತ್ತದೆ. ರಂಗೂನಿನಲ್ಲಿ 1911ರ ಹೊತ್ತಿಗೆ ಇದನ್ನು ಮೊದಲು ಗುರುತಿಸಿದವರು ವಿಟ್ಮೋರ್ ಮತ್ತು ಅವರ ಸಹಾಯಕ ಕೃಷ್ಣಸ್ವಾಮಿ. ನಮ್ಮ ರಾಜ್ಯದಲ್ಲಿ ಕರಾವಳಿಯ ಕಡೆಯಿಂದ ಇದರ ವರದಿಗಳು ಜಾಸ್ತಿ. ಶ್ವಾಸಕೋಶದಲ್ಲಿ, ಲಿವರ್‌ನಲ್ಲಿ, ಸ್ಪ್ಲೀನ್‌ನಲ್ಲಿ ಕೀವು ಕಟ್ಟುತ್ತದೆ. ಲ್ಯಾಬಿನಲ್ಲಿ ಬೆಳೆದರೂ ಗೊತ್ತಿಲ್ಲದವರು ಇದನ್ನು ಸೂಡೊಮೊನಾಸ್ ಎಂಬ ಮಾಮೂಲಿ ಬ್ಯಾಕ್ಟೀರಿಯಾ ಎಂದೋ, ಹೊರಗಿಂದ ಸೇರಿದ ಕಸ ಎಂದೋ ಬಿಟ್ಟುಬಿಡುವ ಅಪಾಯ ಇದೆ. ಅಪ್ಪನಿಗೆ ಅದು ಬಂದಿತ್ತು ಎಂದು ನಾನು ಹೇಳುತ್ತಿಲ್ಲ. ಸೆಫ್ಟ್ರಿಯಾಕ್ಸೋನ್‌ಗೆ ಅದು ಸಾಮಾನ್ಯವಾಗಿ ಹೀಗೆ ಬಗ್ಗುವುದಿಲ್ಲ. ಆರು ವಾರ ಜ್ವರ ಇಲ್ಲದೆ ಇರುವುದೂ ಸಮಾಧಾನದ ವಿಷಯ. ಆದರೆ ಮುಂದೆ ಯಾವಾಗ ಜ್ವರ ಬಂದರೂ ಡಾಕ್ಟರು ಕೇಳಲಿ ಬಿಡಲಿ, ‘ಶುಗರ್ ಇದೆ, ಭತ್ತದ ಗದ್ದೆಯಲ್ಲಿ ಕೆಲಸ ಮಾಡುತ್ತಾರೆ’ ಎಂದು ನೀವೇ ಹೇಳಿ. ರಕ್ತದ ಚೀಟಿಯ ಮೇಲೂ ಬರೆಸಿ. ಆ ಒಂದು ಸಾಲು ಇದ್ದರೆ ಲ್ಯಾಬಿನಲ್ಲಿ ಕೂತ ನಮಗೆ ತಟ್ಟೆಯನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ. ಮನೆಯಲ್ಲಿ ಆಡು, ಕುರಿ, ಎಮ್ಮೆ ಇದ್ದರೆ ಅದನ್ನೂ ಬರೆಸಿ.

ಇನ್ನೊಂದು ದುಡ್ಡಿಲ್ಲದ ಪರೀಕ್ಷೆ ಇದೆ. ವಾರ ದಾಟಿದ ಜ್ವರ ಇದ್ದಾಗ ಕಂಕುಳು, ತೊಡೆಸಂದು, ಸೊಂಟದ ಸುತ್ತ, ಕಿವಿಯ ಹಿಂದೆ ಬೆಳಕು ಹಿಡಿದು ನೋಡಿ. ಬೀಡಿಯಿಂದ ಸುಟ್ಟ ಹಾಗೆ ಒಂದು ಕಪ್ಪು ಹಕ್ಕಳೆ, ನೋವಿಲ್ಲದ್ದು, ಸಿಕ್ಕರೆ ಡಾಕ್ಟರಿಗೆ ತೋರಿಸಿ. ಸ್ಕ್ರಬ್ ಟೈಫಸ್ ಎಂಬ ಕಾಯಿಲೆಯ ಗುರುತು ಅದು. ಹೊಲದ ಪೊದೆಗಳಲ್ಲಿರುವ ಸಣ್ಣ ನುಸಿ ಕಚ್ಚಿದ ಜಾಗ. ಆ ಬ್ಯಾಕ್ಟೀರಿಯಾ ನಮ್ಮ ಬಾಟಲಿಯಲ್ಲಿ ಬೆಳೆಯುವುದೇ ಇಲ್ಲ. ಸೆಫ್ಟ್ರಿಯಾಕ್ಸೋನ್ ಕೂಡ ಅದನ್ನು ಮುಟ್ಟುವುದಿಲ್ಲ. ಡಾಕ್ಸಿಸೈಕ್ಲಿನ್ ಗುಳಿಗೆ ಕೊಟ್ಟರೆ ಸಾಮಾನ್ಯವಾಗಿ ಎರಡು ದಿನದಲ್ಲಿ ಜ್ವರ ಇಳಿಯುತ್ತದೆ.

ಈಗ ಅಪ್ಪನಿಗೆ ಏನು ಮಾಡಬೇಕು? ಟೈಫಾಯಿಡ್ ಕೆಲವರಲ್ಲಿ ಮರುಕಳಿಸುತ್ತದೆ. ಹೆಚ್ಚಾಗಿ ಜ್ವರ ಬಿಟ್ಟ ಎರಡು ಮೂರು ವಾರದೊಳಗೆ. ಆ ಹೊತ್ತು ನಿಮಗೆ ದಾಟಿದೆ. ಒಂದು ವೇಳೆ ಮತ್ತೆ ಜ್ವರ ಬಂದರೆ, ಮನೆಯಲ್ಲಿ ಉಳಿದ ಗುಳಿಗೆ ಕೊಡಬೇಡಿ, ಮೆಡಿಕಲ್ ಶಾಪಿನಲ್ಲಿ ಕೇಳಿ ತರಬೇಡಿ. ಬರೀ ಪ್ಯಾರಾಸಿಟಮಾಲ್ ಕೊಟ್ಟು ಕಲ್ಚರ್ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಆಂಟಿಬಯಾಟಿಕ್‌ನ ಮೊದಲ ಗುಳಿಗೆಗಿಂತ ಮುಂಚೆ ರಕ್ತ ತೆಗೆಯಲಿ. ರಕ್ತ ತೆಗೆಯಲು ಐದು ನಿಮಿಷ ಸಾಕು. ಆಮೇಲೆ ರಿಪೋರ್ಟಿಗೆ ಕಾಯದೆ ಔಷಧ ಶುರು ಮಾಡಬಹುದು. ರಿಪೋರ್ಟ್ ಬಂದ ಮೇಲೆ ಬೇಕಾದರೆ ಬದಲಿಸುತ್ತಾರೆ. ತೀರಾ ಸುಸ್ತಾಗಿ ಮಾತು ತೊದಲುತ್ತಿದ್ದರೆ, ಉಸಿರು ಏದುತ್ತಿದ್ದರೆ, ಹೊಟ್ಟೆ ಕಲ್ಲಿನಂತಾಗಿ ನೋಯುತ್ತಿದ್ದರೆ, ಕಪ್ಪು ಮಲ ಹೋಗುತ್ತಿದ್ದರೆ ಅಂಥವರಿಗೆ ಒಂದು ಗಂಟೆಯೂ ತಡ ಮಾಡುವಂತಿಲ್ಲ. ಟೈಫಾಯಿಡ್‌ನ ಎರಡನೇ ಮೂರನೇ ವಾರದಲ್ಲಿ ಕರುಳು ತೂತಾಗುವುದುಂಟು.

ಹತ್ತಿರ ಹತ್ತಿರ ಎರಡು ತಿಂಗಳಾದರೂ ಸುಸ್ತು ಇದೆ ಎಂದಿರಿ. ಮೊದಲು ಶುಗರ್ ಎಷ್ಟಿದೆ ನೋಡಿಸಿ. ಹಿಂದಿನ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಮಾಡಿಸಿ. ಮೂರನೇ ವಿಡಾಲ್‌ಗೆ ಕೊಡಬೇಕೆಂದಿದ್ದ ದುಡ್ಡನ್ನು ಅದಕ್ಕೆ ಕೊಡಿ.

ತಟ್ಟೆ, ಲೋಟದ ವಿಷಯ. ಟೈಫಾಯಿಡ್ ಎಂಜಲಿನಿಂದ ಹರಡುವ ಕಾಯಿಲೆ ಅಲ್ಲ. ಮಲದಲ್ಲಿ ಹೋಗುವ ಕ್ರಿಮಿ ಕೈಗೆ, ನೀರಿಗೆ, ಊಟಕ್ಕೆ ಸೇರಿ ಬರುತ್ತದೆ. ನೂರರಲ್ಲಿ ಒಂದರಿಂದ ಐದು ಜನ ವಾಸಿಯಾದ ಮೇಲೂ ಪಿತ್ತಕೋಶದಲ್ಲಿ ಕ್ರಿಮಿಯನ್ನು ಇಟ್ಟುಕೊಂಡು ವರ್ಷಕ್ಕೂ ಮೀರಿ ಮಲದಲ್ಲಿ ಬಿಡುತ್ತಾ ಇರುತ್ತಾರೆ. ಪಿತ್ತಕೋಶದಲ್ಲಿ ಕಲ್ಲಿದ್ದವರಲ್ಲಿ ಇದು ಜಾಸ್ತಿ. ಅದನ್ನು ಪತ್ತೆ ಮಾಡಲೂ ವಿಡಾಲ್ ಬೇಡ, ಮಲದ ಕಲ್ಚರ್ ಬೇಕು. ಅಪ್ಪ ಖಾನಾವಳಿಯಲ್ಲೋ ಶಾಲೆಯ ಬಿಸಿಯೂಟದಲ್ಲೋ ಅಡುಗೆ ಮಾಡುವವರಾಗಿದ್ದರೆ ನಾನೇ ಮಾಡಿಸಿ ಎನ್ನುತ್ತಿದ್ದೆ. ಅವರು ಗದ್ದೆಯವರು, ಅಷ್ಟು ಅವಸರ ಇಲ್ಲ. ಪಾಯಿಖಾನೆಗೆ ಹೋಗಿ ಬಂದ ಮೇಲೆ ಮನೆಯವರೆಲ್ಲ ಸೋಪು ಹಚ್ಚಿ ಕೈ ತೊಳೆಯಿರಿ. ಕಾಲುವೆ ನೀರಾಗಿದ್ದರೆ ಕುದಿಸಿ ಕುಡಿಯಿರಿ.

ಬ್ರೆಡ್ಡನ್ನಂತೂ ಇವತ್ತೇ ನಿಲ್ಲಿಸಿ. ಮೈದಾ ಬ್ರೆಡ್ಡು ಶುಗರ್ ಇರುವವರಿಗೆ ಪಥ್ಯವಲ್ಲ, ಸಕ್ಕರೆ ಏರಿಸುತ್ತದೆ. ಎರಡು ತಿಂಗಳು ಅದನ್ನೇ ತಿಂದರೆ ಯಾರಿಗಾದರೂ ಸುಸ್ತಾಗುತ್ತದೆ. ಬೇಳೆ, ಕಾಳು ಪಲ್ಯ, ಮೊಸರು, ತಿನ್ನುವವರಾದರೆ ಮೊಟ್ಟೆ, ಎಲ್ಲ ಕೊಡಿ. ಜೋಳದ ರೊಟ್ಟಿ ಹೊಟ್ಟೆಗೆ ಭಾರ ಎಂದು ಅವ್ವ ಹೆದರಿದ್ದರೆ ಜ್ವರ ಇದ್ದಾಗ ಆ ಮಾತು ಸರಿ ಇತ್ತು. ಈಗ ಬಿಸಿಬಿಸಿ ರೊಟ್ಟಿ ಬಡಿದು, ಅವರ ತಟ್ಟೆಯನ್ನು ಎಲ್ಲರ ತಟ್ಟೆಯ ಪಕ್ಕದಲ್ಲೇ ಇಡಲಿ.